ಹುಳು ಬಾಯಿ ಬಿಟ್ಟ ಹೊತ್ತು

ನನ್ನ ಸುಳ್ಳುಗಳಿಗೆ ಯಾವತ್ತೂ ಗಿರಾಕಿಗಳ ಕೊರತೆ ಆದದ್ದಿಲ್ಲ. ನನ್ನ ಮಾತನ್ನು ಒಬ್ಬರೂ ನಂಬದೇ ಹೋದದ್ದು ನಾನು ನಿಜ ಹೇಳಿದ ದಿನ ಮಾತ್ರ. ಇದು ಆ ದಿನದ ಕಥೆ, ಅಪ್ಪಟ ನಿಜ. ಅನುಮಾನವಿದ್ದರೆ ನಮ್ಮ ಭಾವನನ್ನು ಕೇಳಿ. ಮೇಡಮ್ಮನ್ನೂ ಕೇಳಬಹುದು, ಆದರೆ ಎದುರಿಗೇ ಹೋಗಿ ಕೇಳಿ. ಫೋನಿನಲ್ಲಿ ಕೇಳಿದರೆ ಅವರ ದನಿಯಲ್ಲಿ ಉತ್ತರ ಕೊಡುತ್ತಿರುವವನು ನಾನೇ ಆಗಿರಬಹುದು.

ಭಾವ ಎಂದರೆ ಅಕ್ಕನ ಗಂಡ. ಕಾಡಿನ ಮರಗಳಿಗೆ ತಗಲುವ ಹುಳು, ಬೂಷ್ಟು, ಬೇರುಕೊಳೆಗಳನ್ನು ಪತ್ತೆ ಹಚ್ಚುವ ಕೇಂದ್ರವೊಂದರಲ್ಲಿ ಅವರದು ಕೇಳುವ ಕೆಲಸ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುವ ಹಾಗೆ ಇವರು ತೊಗಟೆಗೆ ಬೆರಳುದ್ದದ ಮೈಕು ಒತ್ತಿ, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ನಾನು ಸಸ್ಯಶಾಸ್ತ್ರದಲ್ಲಿ ಡಿಗ್ರಿ ಮುಗಿಸಿ ಅದೇ ಕೇಂದ್ರದಲ್ಲಿ ಏಣಿ ಹಿಡಿಯುವ ಕೆಲಸಕ್ಕೆ ಸೇರಿದೆ. ಹತ್ತುವವರು ಭಾವ. ಮಗ ಜೀವನದಲ್ಲಿ ಮೇಲೆ ಹತ್ತುತ್ತಾನೆ ಅಂದುಕೊಂಡಿದ್ದ ನಮ್ಮಮ್ಮ, "ಹೋಗಲಿ, ಏಣಿಯ ಹತ್ತಿರವಾದರೂ ಇದ್ದಾನಲ್ಲ" ಎಂದು ಸಮಾಧಾನ ಮಾಡಿಕೊಂಡಳು.

ಭಾವ ಕಿವಿಗೊಡುವುದು ಕಾಂಡಕೊರಕಕ್ಕೆ. ಈ ಹುಳು ರೆಕ್ಕೆ ಬಂದು ಹಾರುವ ಮುಂಚೆ ತಿಂಗಳುಗಟ್ಟಲೆ ಮರದೊಳಗೇ ಕೂತು ತಿನ್ನುತ್ತದೆ. ಹೊರಗಿನಿಂದ ನೋಡಿದರೆ ಮರ ಮದುಮಗನ ಹಾಗೆ ಕಳೆಕಳೆಯಾಗಿ ನಿಂತಿರುತ್ತದೆ, ಒಳಗೆಲ್ಲ ಸುರಂಗ. ಕ್ಲಾಸಿನಲ್ಲಿ ಕದ್ದು ಬಿಸ್ಕತ್ತು ತಿನ್ನುವ ಹುಡುಗ ಹೇಗೆ ಸದ್ದು ಮಾಡುತ್ತಾನೋ ಹಾಗೆ: ಕರ್… ಕರ್… ಕಟ್. ಆಮೇಲೆ ಮೇಷ್ಟ್ರು ನೋಡಿದರೇನೋ ಎಂಬಂತೆ ಸುಮ್ಮನಾಗುವುದು. ಮತ್ತೆ ಕರ್. ಒಂದು ಮರದಲ್ಲಿ ಅದು ರೆಕ್ಕೆ ಬಿಚ್ಚಿಕೊಂಡು ಹೊರಬಿದ್ದರೆ ಪಕ್ಕದ ಮರಗಳ ಕಥೆ ಮುಗಿದಂತೆ.

ನಮ್ಮಲ್ಲಿ ಎರಡು ಕಟ್ಟುನಿಟ್ಟಿನ ನಿಯಮ. ಕೇಳುವವರು ಕೈ ಎತ್ತಿದರೆ ಉಸಿರನ್ನೂ ಮೆಲ್ಲಗೆ ಬಿಡಬೇಕು, ಕೇಂದ್ರದ ಮುಖ್ಯಸ್ಥರೇ ಬಂದಿದ್ದರೂ ಬಾಯಿ ಮುಚ್ಚಬೇಕು. ಇನ್ನೊಂದು, ಎರಡನೇ ಕಿವಿ. ಒಬ್ಬರು ಸದ್ದು ಕೇಳಿ ಮರಕ್ಕೆ ಕೆಂಪು ಪಟ್ಟಿ ಕಟ್ಟಿದರೆ ಸಾಲದು. ಎರಡನೆಯವರು ಬಂದು ಅದೇ ಸದ್ದು ಕೇಳಿ ಎರಡನೇ ಗಂಟು ಹಾಕಿದರೇ ಮರ ಬೀಳುವುದು. ಅವತ್ತೇ ಕೇಳದಿದ್ದರೆ ಪಟ್ಟಿ ಬಿಚ್ಚಬೇಕು. ಕೊರೆದು ನೋಡಿದರಾಯಿತಲ್ಲ ಎನ್ನಬೇಡಿ. ಚೆನ್ನಾಗಿರುವ ಮರಕ್ಕೆ ತೂತು ಹಾಕಿದರೆ ಅದೇ ಬಾಗಿಲಲ್ಲಿ ಬೂಷ್ಟು ಒಳಗೆ ಬಂದು ಕೂರುತ್ತದೆ.

ನಮ್ಮ ಎರಡನೇ ಕಿವಿ ಮೇಡಂ, ಕೇಂದ್ರದ ಮುಖ್ಯಸ್ಥೆ. ಗಂಟಲಲ್ಲಿ ಸದಾ ಮರದ ಪುಡಿ ಸಿಕ್ಕಿಕೊಂಡಂಥ ಒರಟು ದನಿ. ಪ್ರತಿ ಮಾತಿನ ಮೊದಲು ಒಂದು "ಹಾಂ", ಕೊನೆಗೆ "ತಿಳೀತಾ? ತಿಳೀದಿದ್ರೂ ತಿಳೀತು ಅನ್ನಿ." ಮಿಮಿಕ್ರಿ ಮಾಡುವವನ ಕಿವಿಗೆ ಇಂಥ ದನಿ ಬಿದ್ದರೆ ಬೆಕ್ಕಿನ ಮುಂದೆ ಹಾಲಿಟ್ಟ ಹಾಗೆ. ಹಿಂದಿನ ವಾರವಷ್ಟೇ ಅದೇ ದನಿಯಲ್ಲಿ ಗರಗಸದ ಮೇಸ್ತ್ರಿಗೆ ವಾಕಿಟಾಕಿಯಲ್ಲಿ, "ಹಾಂ, ಎಲ್ಲಾ ಗರಗಸಕ್ಕೂ ಸೋಪು ಹಾಕಿ ಸ್ನಾನ ಮಾಡ್ಸಿ, ತಿಳೀತಾ?" ಎಂದಿದ್ದೆ. ಪಾಪ, ಬಕೆಟ್ಟು ತುಂಬಿದ ಮೇಲೆ ಅವನಿಗೆ ಅನುಮಾನ ಬಂತು. ಅಂದಿನಿಂದ ನನಗೆ ಗಿಳಿ ಎಂದು ಹೆಸರು ಬಿತ್ತು.

ಭಾವನನ್ನೂ ಬಿಟ್ಟವನಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಮೇಜಿನ ಅಡಿಗೆ ಕೈ ಹಾಕಿ ಉಗುರಿನಲ್ಲಿ ಕರ್… ಕರ್… ಕಟ್ ಎಂದೆ. ಭಾವ ಬಾಯಿಯ ತುತ್ತು ನುಂಗದೆ, ಕೈ ಎತ್ತಿ, ಮೇಜಿಗೆ ಕಿವಿ ಇಟ್ಟರು. ಅಕ್ಕ ಬಿದ್ದು ಬಿದ್ದು ನಕ್ಕಳು. ಭಾವನೂ ನಕ್ಕರು, ಆದರೆ ಕೊಂಚ ತಡವಾಗಿ.

ತಡವಾಗಲು ಕಾರಣವಿತ್ತು. ಹಿಂದಿನ ವರ್ಷ ಪೂರ್ವದ ಇಳಿಜಾರಿನಲ್ಲಿ ಅವರು "ಏನಿಲ್ಲ" ಎಂದು ಹೇಳಿ ಬಂದ ಮರದಲ್ಲಿ ಹುಳು ಇತ್ತು. ಈಗ ಅಲ್ಲಿ ಇಳಿಜಾರು ಮಾತ್ರ ಇದೆ. ಆ ಮರದ ಒಂದು ಬಿಲ್ಲೆಯನ್ನು ಮೇಡಂ ನಮ್ಮ ಸ್ಯಾಂಪಲ್ ಕೋಣೆಯಲ್ಲಿ, ಸ್ಪಿರಿಟ್ ಬಾಟಲಿಗಳಲ್ಲಿ ಹುಳುಗಳು ತೇಲುವ ಕಪಾಟಿನ ಮೇಲೆ, ಗೋಡೆ ಗಡಿಯಾರದ ಪಕ್ಕಕ್ಕೇ ನೇತು ಹಾಕಿಸಿದ್ದರು. ಗಂಟೆ ನೋಡಬೇಕೆಂದರೆ ಭಾವ ಅದನ್ನೂ ನೋಡಬೇಕು. "ಇನ್ನೊಂದು ಸಲ ನಿಮ್ಮ ಕಿವಿ ಕೈಕೊಟ್ರೆ ಹೆಡ್‌ಫೋನ್ ನನ್ನ ಟೇಬಲ್ ಮೇಲಿಟ್ಟು ಆಫೀಸಲ್ಲಿ ಕೂತ್ಕೊಳ್ಳಿ" ಎಂದು ಮೇಡಂ ಎಲ್ಲರೆದುರೇ ಹೇಳಿದ್ದರು. ಕಾಡು ಬಿಟ್ಟು ಆಫೀಸಿನಲ್ಲಿ ಕೂತ ಭಾವ ನೀರಿನಿಂದ ತೆಗೆದ ಮೀನು. ಆ ಮಾತು ಬಿದ್ದಂದಿನಿಂದ ಅವರು ಪ್ರತಿ ಮರವನ್ನೂ ಎರಡೆರಡು ಸಲ ಕೇಳತೊಡಗಿದರು.

ಇಷ್ಟಾದ ಮೇಲೆ ಆ ದಿನ ಬಂತು.

ಊರಂಚಿನ ಹಳೇ ಕಾಡಿನಲ್ಲಿ ಎಲ್ಲಕ್ಕಿಂತ ಮುಂದೆ ನಿಂತಿರುವ ಬಿಳಿ ತೊಗಟೆಯ ದೊಡ್ಡ ಮರಕ್ಕೆ ನಾವು ದೊಡ್ಡಪ್ಪ ಎನ್ನುತ್ತೇವೆ. ಅವನ ಕೊಂಬೆಗಳು ಹಿಂದಿನವರ ಹೆಗಲ ಮೇಲೆ, ಹಿಂದಿನವರ ಕೊಂಬೆಗಳು ಅವರ ಹಿಂದಿನವರ ಮೇಲೆ, ಹೀಗೆ ಇಡೀ ಕಾಡು ಒಂದು ಗ್ರೂಪ್ ಫೋಟೋ. ಬೆಳಿಗ್ಗೆ ನಾವು ಹೋದಾಗ ಯಾರೂ ಬಂದಿರಲಿಲ್ಲ. ನಾನು ಏಣಿ ಹಿಡಿದೆ. ಭಾವ ಹತ್ತಿ, ಮೊದಲ ಕವಲಿನ ಕೆಳಗೆ ಮೈಕು ಒತ್ತಿದರು. ಸ್ವಲ್ಪ ಹೊತ್ತಿಗೆ ಅವರ ಕೈ ಮೇಲೆದ್ದಿತು.

ಎದ್ದ ಕೈ ಇಳಿಯಲೇ ಇಲ್ಲ. ಏಣಿ ನಡುಗಿದ್ದು ನನಗೆ ಗೊತ್ತಾಯಿತು. ಕೊನೆಗೆ ಕೆಳಗಿಳಿದು ಬಂದರು.

"ಇದೆ ಕಣೋ" ಎಂದರು. "ದೊಡ್ಡಪ್ಪನೊಳಗೇ ಇದೆ. ದೊಡ್ಡ ಮರಿ. ಬಿಸಿಲು ಬಲಿತರೆ ಹಾರೋದೇ."

ಕೆಂಪು ಪಟ್ಟಿ ಕಟ್ಟಿ, ಒಂದು ಗಂಟು ಹಾಕಿ, ಮೇಡಮ್ಮಿಗೆ ಫೋನ್ ಮಾಡಿದರು.

ಮೇಡಂ ಬರುವ ಹೊತ್ತಿಗೆ ಮೋಡ ಕವಿದು ತಣ್ಣಗಾಗಿತ್ತು. ಹಳ್ಳದ ಆಚೆ ಮೇಸ್ತ್ರಿಯ ತಂಡ ಬಂದು, ಮೊನ್ನೆಯ ಗಾಳಿಮಳೆಗೆ ಉರುಳಿದ್ದ ಮರಗಳನ್ನು ತುಂಡು ಮಾಡತೊಡಗಿತ್ತು. ಗರಗಸಗಳು ಒಂದು ನಿಂತರೆ ಇನ್ನೊಂದು ಎನ್ನುವಂತೆ ಗೊರಗುಟ್ಟುತ್ತಿದ್ದವು. ಮೇಡಂ ದೊಡ್ಡಪ್ಪನ ಸುತ್ತ ಒಂದು ಸುತ್ತು ಹಾಕಿದರು. ತೊಗಟೆಯಲ್ಲಿ ತೂತಿಲ್ಲ. ಬುಡದಲ್ಲಿ ಹುಳು ತಿಂದು ಉಗುಳಿದ ಪುಡಿ ಇಲ್ಲ. ಇದ್ದಿದ್ದರೂ ಆ ಮಳೆ ತೊಳೆದುಕೊಂಡು ಹೋಗಿರಬೇಕು. ಹೆಡ್‌ಫೋನ್ ಹಾಕಿಕೊಂಡರು. ಕೇಳಿದರು. ಮೈಕು ಸರಿಸಲು ಹೇಳಿ ಮತ್ತೆ ಕೇಳಿದರು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. ಹುಬ್ಬು ಅಲ್ಲಾಡಲಿಲ್ಲ.

"ಹಾಂ. ಇಲ್ಲ" ಎಂದರು.

"ಮೇಡಂ, ಬೆಳಿಗ್ಗೆ ಸ್ಪಷ್ಟವಾಗಿ…" ಭಾವನ ದನಿ ಅರ್ಧಕ್ಕೇ ನಿಂತಿತು.

"ಬೆಳಿಗ್ಗೆ ಏಣಿ ಹಿಡಿದವರು ಯಾರು?"

ಈ ಪ್ರಶ್ನೆಗೆ ಯಾರೂ ಉತ್ತರ ಕೊಡಬೇಕಾಗಿರಲಿಲ್ಲ. ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಎರಡೂ ಕೈ ಇನ್ನೂ ಏಣಿಯ ಮೇಲಿದ್ದವು. ಏಣಿ ಮರಕ್ಕೆ ಒರಗಿತ್ತು. ಉಗುರು ಇತ್ತೀಚೆಗೆ ಕತ್ತರಿಸಿರಲಿಲ್ಲ.

"ಅಯ್ಯೋ, ನಾನಲ್ಲ!" ಎಂದೆ. ಹಾಗೆ ಹೇಳಿದ ದನಿ ನನಗೇ ಕಳ್ಳನ ಮಿಮಿಕ್ರಿಯ ಹಾಗೆ ಕೇಳಿಸಿತು.

"ಗರಗಸಕ್ಕೆ ಸ್ನಾನ ಮಾಡ್ಸಿದವನು ನೀನೇ ತಾನೆ?"

"ಅದು ನಾನೇ ಮೇಡಂ. ಇದು ಹುಳು."

"ಊಟದ ಮೇಜಿನ ಕೆಳಗಿದ್ದ ಹುಳು ಯಾರು?" ಇದನ್ನು ಕೇಳಿದವರು ಭಾವ. ಮೆಲ್ಲಗೆ ಕೇಳಿದರು. ಮೇಡಂ ಬೈದದ್ದು ಮೈಮೇಲಿಂದ ಜಾರಿ ಹೋಗಿತ್ತು, ಇದು ಒಳಗೇ ಕೂತಿತು.

"ಮೇಡಂ, ದಯವಿಟ್ಟು. ಆ ಗರಗಸಗಳ ಅದುರಿಗೆ ಅದು ಬಾಯಿ ಮುಚ್ಕೊಂಡು ಕೂತಿದೆ. ಬೆಳಿಗ್ಗೆ ಅವು ಇರ್ಲಿಲ್ಲ. ಐದು ನಿಮಿಷ ನಿಲ್ಲಿಸಿ ಕೇಳಿ ನೋಡಿ" ಎಂದೆ.

"ಹಾಂ. ಗರಗಸ ನಿಲ್ಲಿಸೋದು ಬೇಡ, ನಿನ್ನ ಬಾಯಿ ನಿಲ್ಲಿಸು. ನಿನ್ನ ತಮಾಷೆಗೆ ಅವರ ದಿನದ ಕೆಲಸ ನಿಲ್ಸೋಕೆ ಆಗಲ್ಲ." ಆಮೇಲೆ ಭಾವನ ಕಡೆ ತಿರುಗಿ, "ನಾನು ಜೀಪಲ್ಲಿ ಕೂತು ಒಂದು ಫೋನ್ ಮುಗಿಸ್ಕೊಂಡು ಬರ್ತೀನಿ. ಅಷ್ಟರಲ್ಲಿ ಪಟ್ಟಿ ಬಿಚ್ಚಿರಿ. ಹುಳಕ್ಕೂ ಇವನ ಉಗುರಿಗೂ ವ್ಯತ್ಯಾಸ ಗೊತ್ತಾಗದ ಕಿವಿಗೆ ಹೆಡ್‌ಫೋನ್ ಯಾಕೆ ಬೇಕು, ಅದನ್ನೂ ಬಿಚ್ಚಿ ಕೊಡಿ. ತಿಳೀತಾ?"

ಮುಂದಿನ ಅರ್ಧ ಹೇಳದೆ ಹೊರಟರು. ಅವರು ಅದನ್ನು ಬಿಟ್ಟದ್ದು ನಾನು ಅದೇ ಮೊದಲು ಕೇಳಿದ್ದು. ಕೋಪ ಎಷ್ಟಿತ್ತೆಂದು ಅದರಲ್ಲೇ ತಿಳಿಯಿತು.

ಜೀಪಿನ ಬಾಗಿಲು ಧಡ್ ಎಂದಿತು. ಭಾವ ಪಟ್ಟಿಯ ಗಂಟಿಗೆ ಬೆರಳು ಹಾಕಿದರು.

"ಭಾವ, ಬಿಚ್ಚಬೇಡಿ. ಅಕ್ಕನಾಣೆ, ನಾನು ಉಗುರು ಆಡಿಸಿಲ್ಲ."

"ನಿಮ್ಮಕ್ಕನ ಆಣೆ ನೀನು ಎಷ್ಟು ಸಲ ಇಟ್ಟಿದ್ದೀಯೋ? ಅವಳಿನ್ನೂ ಗಟ್ಟಿಯಾಗಿರೋದೇ ಪುಣ್ಯ."

"ನಿಮ್ಮ ಕಿವೀನ ನೀವೇ ನಂಬಲ್ವಾ?"

ಅವರ ಬೆರಳು ನಿಂತಿತು. "ನಂಬಿದ್ದೆ ಕಣೋ, ಬೆಳಿಗ್ಗೆ ತನಕ. ನನ್ನ ತಲೆಗೆ ಹುಳ ಬಿಟ್ಟೋನು ನೀನು. ಈಗ ಮರದಲ್ಲಿದೆಯೋ ತಲೇಲಿದೆಯೋ ಗೊತ್ತಾಗ್ತಿಲ್ಲ."

ಹಳ್ಳದ ಆಚೆ ಗರಗಸ ಹೊಸ ದಿಮ್ಮಿಯೊಂದನ್ನು ಕಚ್ಚಿ ಹಿಡಿದು ಕಿರುಚಿತು. ನನ್ನ ಅಂಗಾಲಿಗೆ ಅದರ ಅದುರು ತಾಗಿತು. ಮರದೊಳಗೆ ಕೂತವನಿಗೆ ತಾಗದೇ ಇರುತ್ತದೆಯೇ? ನನಗೆ ಒಮ್ಮೆಗೇ ಹೆದರಿಕೆಯಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಗಂಟು ಬಿಚ್ಚುತ್ತದೆ. ಕೆಲವೇ ದಿನಗಳಲ್ಲಿ ಬಿಸಿಲು ಬಲಿಯುತ್ತದೆ, ಹುಳಕ್ಕೆ ರೆಕ್ಕೆ ಬರುತ್ತದೆ, ತೊಗಟೆಯಲ್ಲಿ ದುಂಡನೆಯ ಒಂದು ತೂತು ಕಾಣಿಸುತ್ತದೆ. ಬರುವ ವರ್ಷ ಈ ಗ್ರೂಪ್ ಫೋಟೋದಲ್ಲಿ ಯಾರೂ ಇರುವುದಿಲ್ಲ. ಅದರ ಬಿಲ್ಲೆಯೂ ಗಡಿಯಾರದ ಪಕ್ಕ ಬರುತ್ತದೆ. ಭಾವ ಅದರ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.

ಏಣಿಯ ಮೊದಲ ಮೆಟ್ಟಿಲಿಗೆ ನೇತು ಹಾಕಿದ್ದ ವಾಕಿಟಾಕಿ ತೆಗೆದುಕೊಂಡೆ. ಗಂಟಲಿಗೆ ಮರದ ಪುಡಿ ಎಳೆದುಕೊಂಡೆ.

"ಹಾಂ. ಮೇಸ್ತ್ರಿ, ಗರಗಸ ಎಲ್ಲಾ ನಿಲ್ಸಿ. ನಾನು ಹೇಳೋ ತನಕ ಒಂದೂ ಶುರು ಆಗಬಾರದು."

ಭಾವ ಬಾಯಿ ತೆರೆದರು. ನಾನು ಕೈ ಎತ್ತಿದೆ. ಅಭ್ಯಾಸಬಲ, ಅವರ ಬಾಯಿ ಮುಚ್ಚಿತು.

ಅತ್ತ ಕಡೆ ಗರಗಸ ನಿಲ್ಲಲಿಲ್ಲ. ಆಮೇಲೆ ಮೇಸ್ತ್ರಿಯ ದನಿ, ಭಾರೀ ಜಾಣತನದಿಂದ: "ಮೇಡಂ, ಊಟ ಆಯ್ತಾ?"

ಪರೀಕ್ಷೆ! ಸ್ನಾನ ಮಾಡಿಸಿದ ಮೇಲೆ ಮನುಷ್ಯ ಚುರುಕಾಗಿದ್ದ.

"ನನ್ನ ಊಟ ಕಟ್ಕೊಂಡು ನಿನಗೇನಾಗ್ಬೇಕು? ಬಡಿಸೋಕೆ ಬರ್ತೀಯಾ?"

"ಅಲ್ಲಾ… ಆ ಗಿಳಿರಾಯ ಏನಾದ್ರೂ ಮಾತಾಡ್ತಿದಾನೇನೋ ಅಂತ."

ಒಂದು ತಪ್ಪು ಉಸಿರು ಸಾಕಿತ್ತು. ಮೇಡಂ ಈಗ ಏನು ಹೇಳುತ್ತಿದ್ದರು? ನನ್ನನ್ನು ನಾನೇ ನೋಡಿ, ಮೇಡಮ್ಮಿನ ಕಣ್ಣಿಂದ ನೋಡಿ, ಬಾಯಿಗೆ ಬಂದದ್ದು ಬೈದೆ.

"ಆ ದರಿದ್ರ ಗಿಳಿ ಇಲ್ಲೇ ನನ್ನ ಮುಂದೆ ನಿಂತಿದೆ. ಓದಿದ್ದು ಮರದ ಶಾಸ್ತ್ರ, ಮಾಡೋದು ಮರುಳು ಶಾಸ್ತ್ರ! ಅದರ ಕುತ್ತಿಗೆ ಹಿಚುಕೋಕೇ ಹೊರಟಿದೀನಿ, ಕಿರುಚಾಟ ಸರಿಯಾಗಿ ಕೇಳ್ಸಬೇಕು, ಅದಕ್ಕೇ ನಿಲ್ಸು ಅಂದಿದ್ದು. ತಿಳೀತಾ? ತಿಳೀದಿದ್ರೂ ತಿಳೀತು ಅನ್ನಿ!"

"ತಿಳೀತು ಮೇಡಂ!" ಆ ದನಿಯಲ್ಲಿ ಅದೆಂಥ ಸಂತೋಷ. ಗರಗಸಗಳು ಒಂದೊಂದಾಗಿ ನಿಂತವು.

ಕಾಡು ಒಮ್ಮೆಗೇ ದೊಡ್ಡದಾಯಿತು. ಎಲೆ ಉದುರಿದ್ದೂ ಕೇಳಿಸುವಂಥ ಮೌನ.

"ನಿನ್ನ ಕೆಲಸ ಹೋಯ್ತು" ಎಂದರು ಭಾವ, ಪಿಸುದನಿಯಲ್ಲಿ.

"ನಿಮ್ಮದು ಉಳಿಸ್ಕೊಳ್ಳಿ. ಹತ್ತಿ."

ನಾನು ಏಣಿಗೆ ಕೈ ಹಾಕಲು ಹೋದೆ. "ಮುಟ್ಟಬೇಡ" ಎಂದರು. ಆ ಮಾತಿಗೆ ನಾನು ಸಿದ್ಧನಿರಲಿಲ್ಲ. ಏಣಿಯನ್ನು ಅವರೇ ಹಗ್ಗದಿಂದ ಮರಕ್ಕೆ ಬಿಗಿದರು. ನಾನು ಪಟ್ಟಿಯ ಸುರುಳಿಯಿಂದ ಒಂದು ತುಂಡು ಹರಿದು, ನನ್ನ ಬಾಯಿಗೇ ಸುತ್ತಿ, ತಲೆಯ ಹಿಂದೆ ಗಂಟು ಹಾಕಿಕೊಂಡೆ. ಎರಡೂ ಕೈ ಮೇಲೆತ್ತಿಕೊಂಡು, ಮರದಿಂದ ದೂರ, ಅವರ ಕಣ್ಣಿಗೆ ಬೀಳುವಂತೆ ಬಯಲಿಗೆ ಹೋಗಿ ನಿಂತೆ. ಹುಳು ಹಿಡಿದ ಮರದ ಹಾಗೆ.

ಭಾವ ಹತ್ತಿದರು. ಮೈಕು ಒತ್ತಿದರು. ಕಣ್ಣು ಮುಚ್ಚಿದರು.

ಏನೂ ಇಲ್ಲ.

ಕಣ್ಣು ತೆರೆದು ಆಕಾಶ ನೋಡಿದರು. ಏನೋ ಹೊಳೆದವರಂತೆ ಕೆಳಗಿಳಿದು, ಚೀಲದಿಂದ ಫ್ಲಾಸ್ಕು ತೆಗೆದು, ಹೆಗಲ ಟವೆಲಿನ ಮೇಲೆ ಬಿಸಿನೀರು ಸುರಿದು, ಹಬೆಯಾಡುವ ಟವೆಲನ್ನು ಹೊತ್ತುಕೊಂಡು ಮತ್ತೆ ಹತ್ತಿದರು. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವವರ ಹಾಗೆ ಅದನ್ನು ಕವಲಿನ ಕೆಳಗಿನ ತೊಗಟೆಗೆ ಒತ್ತಿ ಹಿಡಿದರು. ಚಳಿಗೆ ಮುದುಡಿದ ಹುಳಕ್ಕೆ ಬೆಚ್ಚಗಾದರೆ ಹಸಿವಾಗುತ್ತದೆ. ನಮ್ಮಂತೆಯೇ.

ಜೀಪಿನ ಬಾಗಿಲು ಮತ್ತೆ ಧಡ್ ಎಂದಿತು.

ಮೇಡಂ ಬರುತ್ತಿದ್ದರು. ಕೈಯಲ್ಲಿ ವಾಕಿಟಾಕಿ. ನಡಿಗೆ ನೋಡಿದರೆ ಸಾಕಿತ್ತು: ಅವರು ಎಲ್ಲವನ್ನೂ ಕೇಳಿದ್ದರು, ಊಟ, ಬಡಿಸುವುದು, ಕುತ್ತಿಗೆ, ಎಲ್ಲವನ್ನೂ. ಓಡಿ ಹೋಗೋಣ ಅನಿಸಿತು. ಆದರೆ ನಾನು ಒಂದು ಹೆಜ್ಜೆ ಇಟ್ಟರೂ ಆ ಅದುರು ನೆಲಕ್ಕೆ, ನೆಲದಿಂದ ಬೇರಿಗೆ… ನಿಂತೇ ಇದ್ದೆ. ಎತ್ತಿದ ತೋಳುಗಳು ಸೋಲತೊಡಗಿದವು. ಭಾವನ ಮುಖದಲ್ಲಿ ಏನೂ ಇಲ್ಲ. ಮೇಡಂ ಹತ್ತಿರವಾದರು. ವಾಕಿಟಾಕಿ ಬಾಯಿಯ ಹತ್ತಿರ ಹೋಯಿತು. ಅವರು ಉಸಿರು ಎಳೆದುಕೊಂಡರು, "ಹಾಂ" ಎನ್ನುವುದಕ್ಕೆ ಮುಂಚಿನ ಆ ಉಸಿರು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಭಾವನ ಕೈ ಮೇಲೆದ್ದಿತು.

ಮೇಡಂ ಆ ಉಸಿರನ್ನು ಹಾಗೆಯೇ ಹಿಡಿದುಕೊಂಡು ನಿಂತರು. ಆ ನಿಯಮ ಮಾಡಿದವರು ಅವರೇ. ಭಾವ ಕಣ್ಣು ತೆರೆಯದೆ, ಹೆಡ್‌ಫೋನನ್ನು ಕಿವಿಯಿಂದ ತೆಗೆದು, ಉದ್ದನೆಯ ವೈರಿನಲ್ಲಿ ಮೆಲ್ಲಗೆ ಕೆಳಗೆ ಇಳಿಬಿಟ್ಟರು. ಮೇಡಂ ಹಾಕಿಕೊಂಡರು.

ನಾನು ಮತ್ತೆ ಆ ಹುಬ್ಬುಗಳನ್ನೇ ನೋಡಿದೆ. ಅಲ್ಲಾಡಲಿಲ್ಲ. ಅಲ್ಲಾಡಲಿಲ್ಲ. ಆಮೇಲೆ ಎಡಹುಬ್ಬು, ಯಾರೋ ದಾರ ಕಟ್ಟಿ ಎಳೆದ ಹಾಗೆ, ಏರಿತು. ಅವರು ತಟ್ಟನೆ ನನ್ನ ಕಡೆ ತಿರುಗಿದರು. ನನ್ನ ಬಾಯಿಯ ಪಟ್ಟಿ ನೋಡಿದರು. ಕೈ ನೋಡಿದರು. ನನಗೂ ಮರಕ್ಕೂ ನಡುವಿನ ಬಯಲು ನೋಡಿದರು. ಮತ್ತೆ ಕೇಳಿದರು, ಬಹಳ ಹೊತ್ತು.

ಹೆಡ್‌ಫೋನ್ ತೆಗೆದು, ಕೆಳಗಿಳಿದು ಬಂದ ಭಾವನ ಕುತ್ತಿಗೆಗೆ ತಾವೇ ಹಾಕಿದರು. ಕೆಂಪು ಪಟ್ಟಿಗೆ ಎರಡನೇ ಗಂಟು ಹಾಕಿದರು.

ದೊಡ್ಡಪ್ಪ ಮಧ್ಯಾಹ್ನ ಬಿದ್ದ. ಮೇಸ್ತ್ರಿಯ ತಂಡವೇ ಕೆಡವಿತು. ಕವಲಿನ ಕೆಳಗೆ ಸೀಳಿದಾಗ ಬಿಳಿ ಮರದ ನಡುವೆ ಒಂದು ಕಂದು ಸುರಂಗ, ಅದರ ತುದಿಯಲ್ಲಿ ಹೆಬ್ಬೆರಳು ಗಾತ್ರದ ಮರಿಹುಳು, ತಿಂದು ತಿಂದು ತೊಗಟೆಯ ತೀರ ಹತ್ತಿರಕ್ಕೆ ಬಂದಿತ್ತು. ಕಾಡಿಗೂ ಅದಕ್ಕೂ ನಡುವೆ ಉಳಿದಿದ್ದದ್ದು ಒಂದು ರಟ್ಟಿನ ದಪ್ಪದ ಗೋಡೆ. ಭಾವ ಅದನ್ನು ಬಾಟಲಿಗೆ ಇಳಿಸುವ ಮುಂಚೆ ಆ ತುಂಡಿಗೇ ಮೈಕು ಒತ್ತಿ, ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದರು.

"ಕೇಳು. ಕೇಳಿಸ್ತಾ? ನಿಂದು ಇದಕ್ಕಿಂತ ಚೆನ್ನಾಗಿದೆ ಕಣೋ. ಇದು ಒರಟು, ತಾಳ ಇಲ್ಲ." ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. "ಬೆಳಿಗ್ಗೇನೇ ಗೊತ್ತಾಗ್ಬೇಕಿತ್ತು ನನಗೆ. ಏಣಿ ಹಿಡಿ, ಪಕ್ಕದ ಮರ ಕೇಳ್ಬೇಕು."

ನಾನು ಏಣಿ ಹಿಡಿದೆ. ಅವರು ಹತ್ತಿ, ಹೆಡ್‌ಫೋನ್ ಹಾಕಿಕೊಂಡು, ಮೈಕು ಒತ್ತಿದರು. ಅಷ್ಟರಲ್ಲಿ ಮೇಸ್ತ್ರಿ ಟೋಪಿ ತೆಗೆದು ಹಿಡಿದುಕೊಂಡು ಮೇಡಮ್ಮಿನ ಹತ್ತಿರ ಬಂದ.

"ಮೇಡಂ, ಒಂದು ಮಾತು. ಊಟ ಆಯ್ತಾ ಅಂದಿದ್ದಕ್ಕೆ ಅಷ್ಟು ಬೈಬೇಕಿತ್ತಾ? ಮನಸ್ಸಿಗೆ ಬೇಜಾರಾಯ್ತು." ಆಮೇಲೆ ನನ್ನ ಕುತ್ತಿಗೆಯನ್ನು ಪರೀಕ್ಷೆ ಮಾಡುವವನಂತೆ ನೋಡಿ, "ಇನ್ನೂ ಹಿಚುಕಿಲ್ವಲ್ಲಾ? ನಾವು ಎಲ್ಲಾ ನಿಲ್ಸಿ ಕಾಯ್ತಾ ಇದ್ವಿ. ಒಂದು ಕಿರುಚೂ ಕೇಳಿಸ್ಲಿಲ್ಲ."

ಮೇಡಂ ಅವನನ್ನು ನೋಡಿದರು. ನನ್ನನ್ನು ನೋಡಿದರು. ಅವರ ಮುಖ ಕೆಂಪೇರತೊಡಗಿತು. ಬಂತು, ಅಂದುಕೊಂಡೆ.

"ಹಾಂ. ಇಲ್ಲಿ ಬಾ ಗಿಳಿ."

"ಮೇಡಂ, ಏಣಿ ಹಿಡಿದಿದೀನಿ…"

"ಅಲ್ಲಿಂದಲೇ ಹೇಳು. ಬಡಿಸೋಕೆ ಬರ್ತೀಯಾ ಅಂದೆಯಲ್ಲ, ಅದನ್ನ ಇನ್ನೊಂದ್ಸಲ ಹೇಳು. ನಾನು ನಿಜವಾಗ್ಲೂ ಹಾಗೆ ಮಾತಾಡ್ತೀನಾ?"

ಹೇಳಿದರೂ ಕೆಲಸ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಹೋಗುವುದಾದರೆ ಚೆನ್ನಾಗಿ ಹೋಗಲಿ ಎಂದು ಗಂಟಲಿಗೆ ಮರದ ಪುಡಿ ಎಳೆದುಕೊಂಡು, ಊಟದಿಂದ ಹಿಡಿದು ಮರುಳು ಶಾಸ್ತ್ರದವರೆಗೆ ಒಂದಕ್ಷರ ಬಿಡದೆ ಒಪ್ಪಿಸಿದೆ. ಮೇಸ್ತ್ರಿಯ ಟೋಪಿ ಕೈಯಿಂದ ಬಿತ್ತು. ತಂಡದವರು ಒಬ್ಬರ ಬೆನ್ನ ಹಿಂದೆ ಒಬ್ಬರು ಅವಿತುಕೊಂಡು ಕಿಸಕ್ಕೆಂದರು. ಮೇಡಂ ಮಾತ್ರ ಗಂಭೀರವಾಗಿ, ತಲೆ ಒಂದು ಕಡೆ ವಾಲಿಸಿ, ಮರದೊಳಗಿನ ಹುಳುವನ್ನು ಕೇಳಿದ ಹಾಗೆಯೇ ತಮ್ಮ ದನಿಯನ್ನು ಕೇಳುತ್ತಿದ್ದರು.

"ತಿಳೀತಾ?" ಎಂದು ನಿಲ್ಲಿಸಿದೆ. ಉಳಿದರ್ಧ ಹೇಳುವ ಧೈರ್ಯ ಬರಲಿಲ್ಲ.

"ತಿಳೀದಿದ್ರೂ ತಿಳೀತು ಅನ್ನಿ" ಎಂದು ಮೇಡಂ ತಾವೇ ಮುಗಿಸಿದರು. ಮುಗಿಸಿದ್ದೇ ತಡ, ತಾವು ಅಂದದ್ದು ಅವರಿಗೇ ಕೇಳಿಸಿತು.

ಆ ಒರಟು ಗಂಟಲಿನಲ್ಲಿ ಅಂಥದ್ದೊಂದು ನಗು ಅಡಗಿದೆಯೆಂದು ನನ್ನ ಮಿಮಿಕ್ರಿಗೂ ಗೊತ್ತಿರಲಿಲ್ಲ. ಸೀಳಿದ ದಿಮ್ಮಿಯ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, "ಬಡಿಸೋಕೆ ಬರ್ತೀಯಾ!" ಎಂದು ಮೇಸ್ತ್ರಿಯ ಕಡೆ ಬೆರಳು ತೋರಿಸಿ, ಮತ್ತೆ ನಕ್ಕರು. ತಂಡದವರ ನಗು ಅವರ ನಗುವಿನಲ್ಲಿ ಮುಳುಗಿಹೋಯಿತು.

ಏಣಿಯ ತುದಿಯಲ್ಲಿ ಭಾವ ಕೈ ಎತ್ತಿದರು. ಎಲ್ಲರೂ ತಟ್ಟನೆ ಬಾಯಿ ಮುಚ್ಚಿದರು. ಆ ನಿಯಮ ಮಾಡಿದ ಮೇಡಂ ಮಾತ್ರ ಎರಡೂ ಕೈಯಲ್ಲಿ ಬಾಯಿ ಒತ್ತಿ ಹಿಡಿದರೂ ನಿಲ್ಲಿಸಲಾಗದೆ, ಇಡೀ ಕಾಡಿಗೆ ಕೇಳುವಂತೆ ನಗುತ್ತಲೇ ಇದ್ದರು.